ಧ್ಯಾನಕ್ಕೆ ಕೂತರೆ ಎದೆ ಡವಡವ ಅನ್ನುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯಲ್ಲಿ ಪ್ರೌಢಶಾಲೆ ಶಿಕ್ಷಕಿ. ಮನೆಯಲ್ಲಿ ಯಜಮಾನರು, ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆ ಇರುವ ಅತ್ತೆ. ಕಳೆದ ವರ್ಷ ವಿಪರೀತ ಆತಂಕ ಶುರುವಾಗಿ ಮನೋವೈದ್ಯರನ್ನು ಕಂಡೆ. 7 ತಿಂಗಳಿಂದ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮುಕ್ಕಾಲು ಪಾಲು ಆರಾಮ ಆಗಿದೆ. ಸಹೋದ್ಯೋಗಿಯೊಬ್ಬರು ಮೈಂಡ್‌ಫುಲ್‌ನೆಸ್ ಧ್ಯಾನ ಮಾಡಿ, ಮನಸ್ಸು ತಿಳಿಯಾಗುತ್ತೆ ಅಂದರು. 3 ತಿಂಗಳಿಂದ ಬೆಳಿಗ್ಗೆ 5ಕ್ಕೆ ಎದ್ದು, ಒಂದು ಲೋಟ ಗಟ್ಟಿ ಕಾಫಿ ಕುಡಿದು, ದೇವರ ಮನೆ ಮುಂದೆ ಆ್ಯಪ್ ಹಾಕಿಕೊಂಡು 20 ನಿಮಿಷ ಉಸಿರು ಗಮನಿಸುತ್ತಾ ಕೂರುತ್ತೇನೆ. ಮನಸ್ಸು ಒಂದು ಕ್ಷಣವೂ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಉಸಿರು ನೋಡಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಉಸಿರು ಸಾಲದು ಅನ್ನಿಸುತ್ತದೆ, ಎದೆ ಡವಡವ ಅನ್ನುತ್ತದೆ, ಬೆರಳು ಜೋಮು ಹಿಡಿಯುತ್ತವೆ. ಯಜಮಾನರು ‘ನಿನ್ನ ಮನಸ್ಸೇ ಚಂಚಲ’ ಅನ್ನುತ್ತಾರೆ. ಅತ್ತೆ ‘ಇದೆಲ್ಲ ಯಾಕೆ, ಜಪ ಮಾಡು’ ಅನ್ನುತ್ತಾರೆ. ಮೈದುನ 10 ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದಿದ್ದಾನೆ, ನಾನೂ ಹೋದರೆ ಎಲ್ಲ ಸರಿಹೋಗುತ್ತೆ ಅನ್ನುವುದು ಅವನ ಮಾತು. ಧ್ಯಾನ ಸರಿಯಾಗಿ ಮಾಡಿದರೆ ಮಾತ್ರೆ ಬಿಡಬಹುದಾ? ನಾನು ಎಲ್ಲಿ ತಪ್ಪುತ್ತಿದ್ದೇನೆ? ಆ್ಯಪ್‌ನ ಉಚಿತ ಅವಧಿ ಮುಗಿಯುತ್ತಿದೆ, ವರ್ಷದ ಚಂದಾ ಕಟ್ಟಲೇ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಅವುಗಳ ಕೆಳಗೆ ಇರುವ ಭಯ ಮಾತ್ರ ಒಂದೇ ಅನ್ನಿಸಿತು. ಎಲ್ಲರಿಗೂ ನೆಮ್ಮದಿ ಕೊಡುವ ಧ್ಯಾನವೂ ನನಗೆ ಒಗ್ಗಲಿಲ್ಲ ಅಂದರೆ ನನ್ನಲ್ಲೇ ಏನೋ ಐಬು ಇರಬೇಕು ಅನ್ನುವ ಭಯ. ಮೊದಲು ಅದನ್ನು ಪಕ್ಕಕ್ಕಿಡೋಣ. ಆತಂಕದ ತೊಂದರೆ ಇರುವವರು ಕಣ್ಣು ಮುಚ್ಚಿ ಉಸಿರಿನ ಮೇಲೇ ಗಮನ ಇಟ್ಟು ಕೂತಾಗ ಗಾಬರಿ ಜಾಸ್ತಿ ಆಗುವುದು ಅಪರೂಪವೇನಲ್ಲ. ನನ್ನಂಥ ಮನೋವೈದ್ಯರ ಕ್ಲಿನಿಕ್‌ನಲ್ಲಿ ಇದು ಪದೇ ಪದೇ ಕೇಳಿಬರುವ ದೂರು. ಹೆಚ್ಚಿನವರು ಇದನ್ನು ಹೇಳಿಕೊಳ್ಳಲು ನಾಚುತ್ತಾರೆ. ‘ಧ್ಯಾನ ಮಾಡಿ ಭಯ ಆಯ್ತು ಅಂದ್ರೆ ಜನ ನಗ್ತಾರೆ ಡಾಕ್ಟ್ರೇ’ ಅನ್ನುತ್ತಾರೆ. ನೀವು ಬಿಡಿಸಿ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಹಗುರವಾಯಿತು.

ಮನಸ್ಸು ನಿಲ್ಲುವುದಿಲ್ಲ ಅನ್ನುವ ದೂರಿನಿಂದ ಶುರು ಮಾಡುತ್ತೇನೆ. ಮನಸ್ಸು ನಿಲ್ಲಬೇಕು ಅಂತ ನಿಮಗೆ ಹೇಳಿದವರು ಯಾರು? ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣ ನಡೆಯುತ್ತಿರುವುದನ್ನು ಸುಮ್ನೆ ಗಮನಿಸುವ ಅಭ್ಯಾಸ, ಅದರಲ್ಲಿ ಅಂಥ ನಿಯಮವೇ ಇಲ್ಲ. ಹಾರ್ವರ್ಡ್‌ನ ಇಬ್ಬರು ಮನೋವಿಜ್ಞಾನಿಗಳು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 2,250 ಮಂದಿಗೆ ದಿನದ ಯಾವುದೋ ಹೊತ್ತಿನಲ್ಲಿ ಫೋನ್ ಮೂಲಕ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ’ ಅಂತ ಕೇಳಿದರು. ಹತ್ತಿರ ಹತ್ತಿರ ಅರ್ಧದಷ್ಟು ಸಲ, ಅಂದರೆ ಶೇ 47ರಷ್ಟು, ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲೇ ಇಲ್ಲ. ಇವರು ರೋಗಿಗಳು ಅಂತ ಆರಿಸಿದವರಲ್ಲ, ಸಾಮಾನ್ಯ ಜನ. ಸುಮ್ನೆ ಕೂತಾಗ ಮಿದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗುತ್ತವೆ. ನಿನ್ನೆ ಆದದ್ದು, ನಾಳೆ ಆಗಬೇಕಾದ್ದು, ಯಾರು ಏನಂದರು, ಎಲ್ಲವೂ ತಾನಾಗಿ ಮೇಲೆ ಬರುತ್ತದೆ. ಹಾಗಾಗಿ ನಿಮ್ಮ ಯಜಮಾನರಿಗೂ ಹೇಳಿ: ಚಂಚಲವಾಗಿರುವುದು ನಿಮ್ಮ ಮನಸ್ಸು ಮಾತ್ರ ಅಲ್ಲ, ಅವರದೂ ಅಷ್ಟೇ.

ಅಭ್ಯಾಸ ಇರುವುದು ಬೇರೆ ಕಡೆ. ಮನಸ್ಸು ಎಲ್ಲೋ ಹೋಗಿದೆ ಅಂತ ನಿಮಗೆ ಹೊಳೆಯುತ್ತದಲ್ಲ, ಆ ಕ್ಷಣ. ಹೊಳೆದ ಮೇಲೆ ಬೈದುಕೊಳ್ಳದೆ ವಾಪಸ್ ಬರುವುದು. 20 ನಿಮಿಷದಲ್ಲಿ 40 ಸಲ ಹೋಗಿ 40 ಸಲ ವಾಪಸ್ ಬಂದಿರಾ? ಹಾಗಾದರೆ ಅಷ್ಟು ಸಲ ಅಭ್ಯಾಸ ಆಯಿತು. ಅದು ಕೆಟ್ಟ ಧ್ಯಾನ ಅಲ್ಲ, ಧ್ಯಾನ ಅಂದರೇ ಅದು.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ನೀವು ಶಾಂತಿ ಬೇಕು ಅಂತ ಕೂರುತ್ತಿದ್ದೀರಿ. ತಪ್ಪಲ್ಲ, ಎಲ್ಲರೂ ಅದಕ್ಕೇ ಬರುತ್ತಾರೆ. ಆದರೆ ಕೂತ ಮೇಲೆ ನಿಮಿಷಕ್ಕೊಮ್ಮೆ ‘ಬಂತಾ? ಇನ್ನೂ ಬಂದಿಲ್ಲವಾ? ಎದೆ ಬಡಿತ ಕಡಿಮೆ ಆಯ್ತಾ?’ ಅಂತ ಒಳಗೆ ಇಣುಕಿ ನೋಡುತ್ತಿರುತ್ತೀರಿ. ಮಗು ಮಲಗಿದೆಯಾ ಅಂತ ಐದೈದು ನಿಮಿಷಕ್ಕೆ ಕದ ತೆಗೆದು ನೋಡಿದರೆ ಮಗು ಏಳದೆ ಇರುತ್ತದಾ? ಆತಂಕ ಇರುವ ಮನಸ್ಸಿಗೆ ಈ ಇಣುಕುವ ಚಾಳಿ ಮೊದಲೇ ಇರುತ್ತದೆ. ದಿನವಿಡೀ ದೇಹವನ್ನು ಕಾವಲು ಕಾಯುತ್ತಿರುತ್ತದೆ. ಅದೇ ಕಾವಲುಗಾರನನ್ನು ಬೆಳಿಗ್ಗೆ 5ಕ್ಕೆ ಎಬ್ಬಿಸಿ, ಕಣ್ಣು ಮುಚ್ಚಿಸಿ, ‘20 ನಿಮಿಷ ಉಸಿರೊಂದನ್ನೇ ನೋಡು’ ಅಂದರೆ ಅವನು ತನಗೆ ಗೊತ್ತಿರುವ ಕೆಲಸವನ್ನೇ ಇನ್ನೂ ಜೋರಾಗಿ ಮಾಡುತ್ತಾನೆ. ಶಾಂತಿ ಬರುವುದಾದರೆ ಅದು ಪಕ್ಕದ ಬಾಗಿಲಿಂದ, ನೀವು ಅದರ ಲೆಕ್ಕ ಇಡುವುದು ಬಿಟ್ಟ ಮೇಲೆ ಬರುತ್ತದೆ. ಅದೂ ಬಹಳ ಸಲ ಕೂತ ಹೊತ್ತಿನಲ್ಲಿ ಅಲ್ಲ. ಹತ್ತನೇ ತರಗತಿಯ ಹುಡುಗ ಎದುರು ಮಾತಾಡಿದಾಗ ನಿಮ್ಮ ಬಾಯಿಂದ ಸಿಟ್ಟಿನ ಮಾತು ಹೊರಡುವ ಮುಂಚೆ ಒಂದು ಸಣ್ಣ ಬಿಡುವು ಸಿಕ್ಕಿತಲ್ಲ, ಅಲ್ಲಿ.

ಈಗ ಉಸಿರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕಾಗುತ್ತದೆ ಅಂತ ತಿಳಿದರೇ ಭಯ ಅರ್ಧ ಕಡಿಮೆಯಾಗುತ್ತದೆ.

ಉಸಿರು ತಾನಾಗಿಯೂ ನಡೆಯುತ್ತದೆ, ನಾವು ಬೇಕೆಂದಾಗ ನಮ್ಮ ಕೈಗೂ ಬರುತ್ತದೆ. ಗಮನ ಇಟ್ಟ ಕೂಡಲೇ ಅದು ಸ್ವಲ್ಪ ನಮ್ಮ ಕೈಗೆ ಬಂದುಬಿಡುತ್ತದೆ. ಆತಂಕ ಇಲ್ಲದವರಿಗೆ ಇದರಿಂದ ತೊಂದರೆ ಇಲ್ಲ. ನಿಮ್ಮಂಥವರಿಗೆ ‘ಸರಿಯಾಗಿ ಬರ್ತಾ ಇದೆಯಾ?’ ಅನ್ನುವ ಅನುಮಾನ ಹುಟ್ಟುತ್ತದೆ. ಅನುಮಾನ ಬಂದ ಮೇಲೆ ನಿಮಗೆ ಗೊತ್ತಿಲ್ಲದಂತೆ ಒಂದು ದೊಡ್ಡ ಉಸಿರು ಎಳೆಯುತ್ತೀರಿ. ಮತ್ತೆ ಇನ್ನೊಂದು. ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಆಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಬೆರಳು, ತುಟಿ ಜೋಮು ಹಿಡಿಯುತ್ತವೆ. ತಲೆ ಹಗುರ ಅನ್ನಿಸುತ್ತದೆ, ಎದೆ ಬಿಗಿಯುತ್ತದೆ. ಎಲ್ಲಕ್ಕಿಂತ ವಿಚಿತ್ರ ಅಂದರೆ ಉಸಿರು ಜಾಸ್ತಿ ಆಗಿರುವಾಗಲೇ ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ. ಮಿದುಳು ಇದನ್ನು ಅಪಾಯ ಅಂತ ಓದಿಕೊಂಡು ಎದೆ ಬಡಿತ ಏರಿಸುತ್ತದೆ. ನೀವು ಇನ್ನೂ ಜೋರಾಗಿ ಉಸಿರೆಳೆಯುತ್ತೀರಿ. ನೀವು ಬರೆದ ಬೆರಳಿನ ಜೋಮು ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಇದೇ ಸುತ್ತಿನ ಮೇಲೆ. ಆ ಹೊತ್ತಿಗೆ ತುಂಬಾ ಹಿಂಸೆ. ಆದರೆ ಇದರಿಂದ ಹೃದಯಕ್ಕೆ ಪೆಟ್ಟಾಗುವುದಿಲ್ಲ, ಉಸಿರೂ ನಿಂತುಹೋಗುವುದಿಲ್ಲ.

ಇದಕ್ಕೆ ಆ ಕಾಫಿಯನ್ನೂ ಸೇರಿಸಿ. ಖಾಲಿ ಹೊಟ್ಟೆಗೆ ಗಟ್ಟಿ ಡಿಕಾಕ್ಷನ್ ಹೋದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಫೀನ್ ರಕ್ತದಲ್ಲಿ ಮೇಲೇರಿರುತ್ತದೆ. ಸರಿಯಾಗಿ ಅದು ಏರುತ್ತಿರುವ ಹೊತ್ತಿನಲ್ಲೇ ನೀವು ಕಣ್ಣು ಮುಚ್ಚಿ ‘ಎದೆ ಬಡಿತ ಯಾಕೆ ಜೋರಾಗಿದೆ’ ಅಂತ ನೋಡುತ್ತಿದ್ದೀರಿ. ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ, ನನಗೂ ಅದಿಲ್ಲದೆ ಬೆಳಗಾಗುವುದಿಲ್ಲ. ಧ್ಯಾನ ಮುಗಿಸಿ ಕುಡಿಯಿರಿ, ಸ್ವಲ್ಪ ತಿಳಿಯಾಗಿ ಬೆರೆಸಿಕೊಳ್ಳಿ. ಸಂಜೆ 4ರ ಮೇಲೆ ಬೇಡ. ಕೆಫೀನ್ ಅರ್ಧ ಕರಗಲಿಕ್ಕೇ ಸುಮಾರು 5 ಗಂಟೆ ಬೇಕು.

ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಅಂತ ನೀವು ಬರೆದಿಲ್ಲ. ಪಾತ್ರೆ, ಉತ್ತರ ಪತ್ರಿಕೆ, ಅತ್ತೆಯ ಮಾತ್ರೆ ಎಲ್ಲ ಮುಗಿದು 11.30 ಆಗುತ್ತಿದ್ದರೆ, 5ಕ್ಕೆ ಏಳುವುದು ನಷ್ಟದ ವ್ಯಾಪಾರ. ನಿದ್ದೆ ಕತ್ತರಿಸಿ ಧ್ಯಾನ ಮಾಡಬೇಡಿ. ಬ್ರಾಹ್ಮೀ ಮುಹೂರ್ತದಲ್ಲೇ ಆಗಬೇಕು ಅನ್ನುವುದು ಈ ಅಭ್ಯಾಸದ ಮಟ್ಟಿಗೆ ಶರತ್ತಲ್ಲ. ಶಾಲೆಯಿಂದ ಬಂದು ಸೀರೆ ಬದಲಿಸಿ ಕೂತರೂ ಆಗುತ್ತದೆ. ಪದ್ಮಾಸನವೂ ಬೇಡ, ಕುರ್ಚಿ ಸಾಕು.

ಒಂದು ವೈದ್ಯಕೀಯ ಮಾತು. ಈ ವಯಸ್ಸಿನ ಹೆಂಗಸರಲ್ಲಿ ಎದೆ ಡವಡವ ಅನ್ನುವುದೆಲ್ಲ ಮನಸ್ಸಿನದೇ ಅಂತ ತೀರ್ಮಾನಿಸುವುದು ನನಗೆ ಇಷ್ಟವಿಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ, ರಕ್ತ ಕಡಿಮೆ ಇದ್ದರೂ ಇದೇ ಲಕ್ಷಣ ಬರುತ್ತದೆ. ಮುಟ್ಟು ಏರುಪೇರಾಗುವ ಕಾಲದಲ್ಲೂ ಎದೆ ಬಡಿತ, ಬೆವರು, ರಾತ್ರಿ ಎಚ್ಚರ ಇರುತ್ತವೆ. ಕಳೆದ ವರ್ಷ ಪರೀಕ್ಷೆ ಆಗಿಲ್ಲದಿದ್ದರೆ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ), ಹಿಮೋಗ್ಲೋಬಿನ್ ಮತ್ತು ಒಂದು ಇಸಿಜಿ ಮಾಡಿಸಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದರೆ, ಅಥವಾ ಕಣ್ಣು ಕತ್ತಲೆ ಬಂದು ಬಿದ್ದರೆ ಧ್ಯಾನದ ಮಾತು ಬಿಟ್ಟು ಮೊದಲು ಫಿಜಿಷಿಯನ್ ಬಳಿ ಹೋಗಿ.

ಇಷ್ಟೆಲ್ಲ ಆದ ಮೇಲೆ, ಮಾಡುವುದು ಹೇಗೆ? ನಾನಾಗಿದ್ದರೆ ನಿಮಗೆ ಸದ್ಯ ಉಸಿರಿನ ಸಹವಾಸವೇ ಬೇಡ ಅನ್ನುತ್ತೇನೆ. ಗಮನ ಇಡಲು ಉಸಿರೇ ಆಗಬೇಕೆಂದಿಲ್ಲ. ಉಸಿರು ಎಲ್ಲರ ಬಳಿಯೂ, ಎಲ್ಲ ಹೊತ್ತಿನಲ್ಲೂ ಇರುತ್ತದೆ ಅನ್ನುವ ಅನುಕೂಲಕ್ಕೆ ಅದನ್ನು ಹೇಳಿಕೊಡುತ್ತಾರೆ. ಪಾದ ಇದೆ, ಕೈ ಇದೆ, ಕಿವಿ ಇದೆ.

ವರಾಂಡದಲ್ಲಿ ಒಂದು ಕುರ್ಚಿ ಹಾಕಿಕೊಳ್ಳಿ. ಚಪ್ಪಲಿ ಬಿಡಿ. ಎರಡೂ ಪಾದ ನೆಲಕ್ಕೆ ತಾಗಿರಲಿ. ಕಣ್ಣು ಮುಚ್ಚುವುದು ಬೇಡ, ಎರಡು ಮಾರು ದೂರದ ನೆಲದ ಮೇಲೆ ದೃಷ್ಟಿ ಸುಮ್ನೆ ಬಿದ್ದಿರಲಿ. ಮೊಬೈಲ್‌ನಲ್ಲಿ 5 ನಿಮಿಷದ ಅಲಾರಂ ಇಡಿ, 20 ಬೇಡ. ಈಗ ಪಾದಕ್ಕೆ ಗಮನ ಕೊಡಿ. ನೆಲ ತಣ್ಣಗಿದೆಯಾ? ಹಿಮ್ಮಡಿ ಜಾಸ್ತಿ ಒತ್ತುತ್ತಿದೆಯಾ, ಬೆರಳ ಬುಡವಾ? ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗಿದೆಯಾ ಇಲ್ಲವಾ? ಇದಕ್ಕೆ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ಅರ್ಧ ನಿಮಿಷ ಆಗಿರುವುದಿಲ್ಲ, ಒಂಬತ್ತನೇ ತರಗತಿಯ ಘಟಕ ಪರೀಕ್ಷೆಯ ಅಂಕ ಇನ್ನೂ ಏರಿಸಿಲ್ಲ ಅಂತ ನೆನಪಾಗುತ್ತದೆ. ಅದರ ಹಿಂದೆಯೇ ಮುಖ್ಯೋಪಾಧ್ಯಾಯರ ಮುಖ. ಅದರ ಹಿಂದೆ, ನಿನ್ನೆ ಅವರಿಗೆ ನಾನು ಹೀಗೆ ಹೇಳಬೇಕಿತ್ತು ಅನ್ನುವ ಸಂಭಾಷಣೆ. ಎಲ್ಲೋ ನಡುವೆ ‘ಅರೆ, ಶಾಲೆಗೆ ಹೋಗಿಬಿಟ್ಟೆ’ ಅಂತ ಹೊಳೆಯುತ್ತದೆ. ಒಳಗೇ ‘ಯೋಚನೆ’ ಅಂತ ಒಂದು ಮಾತು ಹೇಳಿ, ಮತ್ತೆ ಹಿಮ್ಮಡಿಗೆ ಬನ್ನಿ. ಕುಕ್ಕರ್ ಕೂಗಿದರೆ ಅದೂ ಒಂದು ಸದ್ದು, ಕೇಳಿಸಿಕೊಳ್ಳಿ. ಅಲಾರಂ ಹೊಡೆದಾಗ ಎದ್ದುಬಿಡಿ. ‘ಇವತ್ತು ಹೇಗಿತ್ತು’ ಅಂತ ಅಂಕ ಹಾಕಬೇಡಿ. ಶಿಕ್ಷಕಿಯರಿಗೆ ಇದೇ ಕಷ್ಟ, ನನಗೆ ಗೊತ್ತು.

ನಡುವೆ ಗಾಬರಿ ಬಂದರೆ ಹಲ್ಲು ಕಚ್ಚಿಕೊಂಡು ಕೂರುವ ಅಗತ್ಯವಿಲ್ಲ. ತಲೆ ಎತ್ತಿ ಸುತ್ತ ನೋಡಿ, ಕಾಣುವ ನಾಲ್ಕೈದು ವಸ್ತುಗಳ ಹೆಸರು ಹೇಳಿಕೊಳ್ಳಿ. ಬೇಕಿದ್ದರೆ ಎದ್ದು ನಡೆಯಿರಿ. ಉಸಿರು ಜೋರಾಗಿದ್ದರೆ ದೊಡ್ಡದಾಗಿ ಎಳೆದುಕೊಳ್ಳಲು ಹೋಗಬೇಡಿ, ಬಿಡುವುದನ್ನು ಮಾತ್ರ ನಿಧಾನ ಮಾಡಿ. ‘ಆಳವಾಗಿ ಉಸಿರೆಳೆದುಕೋ’ ಅಂತ ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಮೇಲೆ ಹೇಳಿದ ಸುತ್ತಿನಲ್ಲಿ ಸಿಕ್ಕಿಕೊಂಡವರಿಗೆ ಅದು ಉರಿಗೆ ತುಪ್ಪ.

ಹಾಗಂತ ಜೀವನಪೂರ್ತಿ ಉಸಿರಿಗೆ ಹೆದರಿ ಇರಬೇಕಾಗಿಲ್ಲ. ಕೆಲವು ವಾರ ಪಾದ, ಸದ್ದು ರೂಢಿಯಾದ ಮೇಲೆ ನಾಲ್ಕು ಉಸಿರು ನೋಡಿ ಮತ್ತೆ ಪಾದಕ್ಕೆ ಬನ್ನಿ. ಆಮೇಲೆ ಎಂಟು. ನಿಧಾನಕ್ಕೆ ಅದೂ ಮಾಮೂಲಿ ಆಗುತ್ತದೆ. ಆಗದಿದ್ದರೂ ನಷ್ಟವಿಲ್ಲ.

5 ನಿಮಿಷದಲ್ಲಿ ಏನಾದೀತು ಅಂತ ನಿಮಗೆ ಅನ್ನಿಸಬಹುದು. ವಾರಕ್ಕೆ ಐದಾರು ದಿನ 5 ನಿಮಿಷ ಕೂತವರು ಮುಂದೆ 15ಕ್ಕೆ ಬಂದದ್ದನ್ನು ನೋಡಿದ್ದೇನೆ. ಮೊದಲ ದಿನವೇ 40 ನಿಮಿಷ ಕೂತವರಲ್ಲಿ ಹೆಚ್ಚಿನವರು ಮೂರನೇ ವಾರಕ್ಕೆ ಕಾಣೆಯಾಗುತ್ತಾರೆ. ತಪ್ಪಿದ ದಿನ ತಪ್ಪಿತು, ಮರುದಿನ ಡಬಲ್ ಮಾಡುವುದು ಬೇಡ.

ಇನ್ನು ಮಾತ್ರೆ. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದ ಸಾಲು ಇದೊಂದೇ.

ಈ ಪ್ರಶ್ನೆ ಹುಟ್ಟಲು ಒಂದು ಕಾರಣವೂ ಇದೆ. 2022ರಲ್ಲಿ ಅಮೆರಿಕದ ಒಂದು ಅಧ್ಯಯನ ಸುದ್ದಿಯಾಗಿತ್ತು. ಆತಂಕದ ಕಾಯಿಲೆ ಇರುವ 276 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೀವು ತೆಗೆದುಕೊಳ್ಳುತ್ತಿರುವ ಎಸ್ಸಿಟಲೋಪ್ರಾಮ್ ಮಾತ್ರೆಯನ್ನೇ ಕೊಟ್ಟರು. ಇನ್ನೊಂದಕ್ಕೆ 8 ವಾರದ ಮೈಂಡ್‌ಫುಲ್‌ನೆಸ್ ತರಬೇತಿ. ಕೊನೆಗೆ ಎರಡೂ ಗುಂಪಿನಲ್ಲಿ ಆತಂಕ ಹೆಚ್ಚೂ ಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಒಳ್ಳೆಯ ಅಧ್ಯಯನ, ನಾನೂ ಖುಷಿಪಟ್ಟಿದ್ದೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ‘ಧ್ಯಾನ ಮಾಡಿದರೆ ಮಾತ್ರೆ ಬೇಡ’ ಅಂತ. ಆ ತರಬೇತಿ ಏನು ಗೊತ್ತಾ? ವಾರಕ್ಕೊಮ್ಮೆ ಎರಡೂವರೆ ಗಂಟೆ ಗುರುವಿನ ಎದುರು ತರಗತಿ, ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ, ನಡುವೆ ಒಂದು ಇಡೀ ದಿನದ ಶಿಬಿರ. ಜಾನ್ ಕಬಾಟ್-ಝಿನ್ 1979ರಲ್ಲಿ ಮಸ್ಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದವರಿಗಾಗಿ ಶುರು ಮಾಡಿದ ಕ್ರಮ ಅದು. ದೇವರ ಮನೆ ಮುಂದಿನ ಆ್ಯಪ್‌ಗೂ ಅದಕ್ಕೂ ಬಹಳ ಅಂತರ ಇದೆ. ಮುಖ್ಯವಾಗಿ, ಆರಾಮ ಆಗುತ್ತಿರುವ ಮಾತ್ರೆಯನ್ನು ನಿಲ್ಲಿಸಿ ಧ್ಯಾನಕ್ಕೆ ಹೊರಳಿದರೆ ಏನಾಗುತ್ತದೆ ಅಂತ ಆ ಅಧ್ಯಯನ ಕೇಳಿಯೇ ಇಲ್ಲ.

ಆ ಪ್ರಶ್ನೆಗೆ ಹತ್ತಿರದ್ದು ಬ್ರಿಟನ್ನಿನ ಇನ್ನೊಂದು ಅಧ್ಯಯನ, 2015ರದ್ದು. ಪದೇ ಪದೇ ಖಿನ್ನತೆಗೆ ಜಾರುವ 424 ಮಂದಿಯನ್ನು 2 ವರ್ಷ ಗಮನಿಸಿದರು. ಅರ್ಧ ಮಂದಿ ಮಾತ್ರೆ ಮುಂದುವರಿಸಿದರು. ಉಳಿದವರಿಗೆ ಮೈಂಡ್‌ಫುಲ್‌ನೆಸ್ ಆಧರಿಸಿದ ಚಿಕಿತ್ಸೆ ಕಲಿಸಿ, ಮಾತ್ರೆ ಇಳಿಸಲು ನೆರವು ಕೊಟ್ಟರು. ಖಿನ್ನತೆ ಮರುಕಳಿಸಿದ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ದಾರಿ ಇದೆ. ಆದರೆ ಅಲ್ಲಿ ಮಾತ್ರೆ ಇಳಿಸಿದ್ದು ವೈದ್ಯರ ಕಣ್ಣಳತೆಯಲ್ಲಿ, ಹಂತ ಹಂತವಾಗಿ. ಅದೂ ಖಿನ್ನತೆಯ ಮಾತು, ಆತಂಕದ್ದಲ್ಲ.

ದಿಢೀರ್ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ ಆಗುವುದು, ಸಿಡುಕು, ಚಿತ್ರವಿಚಿತ್ರ ಕನಸು ಶುರುವಾಗುತ್ತವೆ. ‘ನೋಡಿ, ಮಾತ್ರೆ ಚಟ ಆಗಿಬಿಟ್ಟಿದೆ’ ಅಂತ ಮನೆಯವರು ಹೆದರುತ್ತಾರೆ. ಈ ಮಾತ್ರೆ ಇನ್ನೂ ಬೇಕು ಬೇಕು ಅನ್ನಿಸುವಂಥದ್ದಲ್ಲ, ದೇಹಕ್ಕೆ ಹೊಂದಿಕೊಳ್ಳಲು ಸಮಯ ಬೇಕು ಅಷ್ಟೇ. ಚಟದ ಎಚ್ಚರ ಬೇಕಾದ್ದು ನಿದ್ದೆಗೆ, ಗಾಬರಿಗೆ ಕೊಡುವ ಅಲ್ಪ್ರಝೋಲಾಮ್, ಕ್ಲೋನಝೆಪಾಮ್ ಥರದ ಮಾತ್ರೆಗಳ ಬಗ್ಗೆ. ಯಾರಾದರೂ ‘ನಿದ್ದೆಗೆ ಒಂದು ತಗೋ’ ಅಂತ ಅವನ್ನು ಕೊಟ್ಟಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ. ಎಸ್ಸಿಟಲೋಪ್ರಾಮನ್ನು ಪೂರ್ತಿ ಆರಾಮ ಆದ ಮೇಲೂ ಸಾಮಾನ್ಯವಾಗಿ 6 ತಿಂಗಳಿಂದ ಒಂದು ವರ್ಷದವರೆಗೆ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತೇವೆ. ನಿಮಗೆ ಇನ್ನೂ ಮುಕ್ಕಾಲು ಪಾಲು ಅಷ್ಟೇ ಆಗಿದೆ. ಉಳಿದ ಕಾಲು ಪಾಲಿಗೆ ಡೋಸ್ ಸಾಲದೇ ಇರಬಹುದು, ಅಥವಾ ಮಾತಿನ ಚಿಕಿತ್ಸೆ ಬೇಕಾಗಬಹುದು. ಮುಂದಿನ ಭೇಟಿಯಲ್ಲಿ ಇದನ್ನೇ ಕೇಳಿ.

ಮೈದುನನ ಶಿಬಿರದ ವಿಷಯ. ಎಸ್.ಎನ್. ಗೋಯೆಂಕಾ ಅವರು ಬರ್ಮಾದಲ್ಲಿ ಕಲಿತು 1969ರಿಂದ ಭಾರತದಲ್ಲಿ ಹೇಳಿಕೊಟ್ಟ ಪದ್ಧತಿ ಅದು. ಮಹಾರಾಷ್ಟ್ರದ ಇಗತ್ಪುರಿ ಅದರ ದೊಡ್ಡ ಕೇಂದ್ರ. ನಮ್ಮಲ್ಲಿ ಬೆಂಗಳೂರಿನ ಹತ್ತಿರ ಆಲೂರಿನಲ್ಲೂ ಕೇಂದ್ರವಿದೆ. ಶುಲ್ಕ ಇಲ್ಲ, ಶಿಸ್ತು ಗಟ್ಟಿ. ಅಲ್ಲಿಂದ ಬದಲಾಗಿ ಬಂದವರನ್ನು ನಾನು ಬಲ್ಲೆ, ಆ ಪದ್ಧತಿಯ ಮೇಲೆ ನನಗೆ ಗೌರವವಿದೆ. ಆದರೂ ಈಗ ನೀವು ಹೋಗಬೇಡಿ. ಬೆಳಿಗ್ಗೆ 4ಕ್ಕೆ ಏಳುವುದು, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು, ಯಾರೊಂದಿಗೂ ಮಾತಿಲ್ಲ, ಫೋನ್ ಇಲ್ಲ. ಮೊದಲ ಮೂರು ದಿನ ಇಡೀ ಅಭ್ಯಾಸ ಮೂಗಿನ ತುದಿಯ ಉಸಿರಿನ ಮೇಲೆ. ದೇವರ ಮನೆ ಮುಂದೆ 20 ನಿಮಿಷಕ್ಕೇ ಕಾಡುತ್ತಿರುವುದು ಅಲ್ಲಿ ದಿನವಿಡೀ ಎದುರಿಗಿರುತ್ತದೆ. ಮನೆಗೆ ಫೋನ್ ಮಾಡಿ ಹೇಳಿಕೊಳ್ಳುವ ಹಾಗೂ ಇಲ್ಲ. ಮುಂದೆ ಯಾವತ್ತಾದರೂ ಹೋಗುವುದಾದರೆ, ಅರ್ಜಿಯಲ್ಲಿ ಮಾನಸಿಕ ಕಾಯಿಲೆ, ಮಾತ್ರೆಗಳ ಬಗ್ಗೆ ಕೇಳುತ್ತಾರೆ. ಸೀಟು ಸಿಗಲಿಕ್ಕಿಲ್ಲ ಅಂತ ಮುಚ್ಚಿಡಬೇಡಿ. ಆ ಪ್ರಶ್ನೆ ಇರುವುದೇ ನಿಮ್ಮ ರಕ್ಷಣೆಗೆ.

ಧ್ಯಾನಕ್ಕೆ ಅಡ್ಡಪರಿಣಾಮವೇ ಇಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಪರಿಶೀಲನೆಯಲ್ಲಿ, ಧ್ಯಾನ ಮಾಡುವವರಲ್ಲಿ ಶೇ 8ರಷ್ಟು ಮಂದಿಗೆ ಏನಾದರೊಂದು ತೊಂದರೆ ಕಾಣಿಸಿದೆ ಅಂತ ಬಂತು. ಹೆಚ್ಚಾಗಿ ಆತಂಕ, ಖಿನ್ನತೆ. ಹೆಚ್ಚಿನವರಿಗೆ ಧ್ಯಾನದಿಂದ ತೊಂದರೆಯಿಲ್ಲ ಅನ್ನುವುದೂ ನಿಜ, ಎಲ್ಲರಿಗೂ ಒಂದೇ ಅಳತೆ ಅಲ್ಲ ಅನ್ನುವುದೂ ನಿಜ.

ಅತ್ತೆ ಹೇಳಿದ ಜಪವನ್ನು ತಳ್ಳಿಹಾಕಬೇಡಿ. ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಹೆಸರು, ಕೈಗೆ ಮಣಿ ಇರುತ್ತದೆ. ನಿಮ್ಮಂಥ ಎಷ್ಟೋ ಮಂದಿಗೆ ಉಸಿರಿಗಿಂತ ಅದೇ ಹಗುರ. ಇಷ್ಟಲಿಂಗ ಹಿಡಿದು ಕೂರುವ ಮನೆತನದವರಾದರೆ ಅದೂ ಸರಿಯೇ. ಒಂದೇ ಎಚ್ಚರಿಕೆ, ಕೆಟ್ಟ ಯೋಚನೆ ಬಂದಾಗಲೆಲ್ಲ ಅದನ್ನು ಓಡಿಸಲು ಜಪ ಮಾಡಲೇಬೇಕು, ಇಷ್ಟೇ ಸಲ ಮಾಡಬೇಕು, ತಪ್ಪಿದರೆ ಮಕ್ಕಳಿಗೆ ಏನೋ ಆಗುತ್ತದೆ ಅನ್ನುವ ಮಟ್ಟಕ್ಕೆ ಹೋದರೆ ಅದು ಬೇರೆ ಕಾಯಿಲೆಯ ಲಕ್ಷಣ. ವೈದ್ಯರಿಗೆ ತಿಳಿಸಿ.

ಧ್ಯಾನವನ್ನೇ ಮಾಡದಿದ್ದರೆ? ಅದಕ್ಕೂ ಜಾಗ ಇದೆ. 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 47 ಪ್ರಯೋಗಗಳನ್ನು, ಸುಮಾರು 3,500 ಮಂದಿಯ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದರು. ಆತಂಕ, ಖಿನ್ನತೆ, ನೋವು ಈ ಮೂರಕ್ಕೂ ಮೈಂಡ್‌ಫುಲ್‌ನೆಸ್‌ನಿಂದ ಸಾಧಾರಣ ಮಟ್ಟದ ಪ್ರಯೋಜನ ಇದೆ ಅಂತ ಕಂಡಿತು. ಆದರೆ ವ್ಯಾಯಾಮ, ಔಷಧಿ, ಮಾತಿನ ಚಿಕಿತ್ಸೆಗಳಿಗಿಂತ ಅದು ಮೇಲು ಅನ್ನಲು ಆಧಾರ ಸಿಗಲಿಲ್ಲ. ಹಾಗಾಗಿ ಕೂರುವುದೇ ಹಿಂಸೆ ಅನ್ನಿಸಿದರೆ ಕುಂದವಾಡ ಕೆರೆ ಏರಿ ಮೇಲೆ ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ನಡೆಯುವಾಗಿನ ಎದೆ ಬಡಿತಕ್ಕೆ ನೀವು ಹೆದರುವುದಿಲ್ಲ ಅಲ್ವಾ? ಅದೇ ಒಂದು ಪಾಠ. ಬಡಿತ ಏರಬಹುದು, ಏರಿದ್ದು ಇಳಿಯುತ್ತದೆ ಅಂತ ದೇಹ ಕಲಿಯುತ್ತದೆ.

ಕೈಯಲ್ಲಿ ಸ್ವಲ್ಪ ಹಣ, ಸಮಯ ಇದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಮಾಡಿಸುವುದನ್ನು ನಾನು ಆ್ಯಪ್‌ಗಿಂತ ಮುಂದಿಡುತ್ತೇನೆ. ಎದೆ ಬಡಿತ ಕಂಡ ಕೂಡಲೇ ‘ಇದು ಅಪಾಯ’ ಅನ್ನುವ ಓದನ್ನು ತಿದ್ದುವುದು ಅದರ ಮುಖ್ಯ ಕೆಲಸ. ಸಾಮಾನ್ಯವಾಗಿ 8ರಿಂದ 15 ಭೇಟಿ. ಕಷ್ಟ ಏನೆಂದರೆ ತರಬೇತಾದವರು ಜಿಲ್ಲಾ ಕೇಂದ್ರಗಳಲ್ಲಿ ಕಡಿಮೆ. ‘ಕೌನ್ಸೆಲರ್’ ಅಂತ ಬೋರ್ಡ್ ಹಾಕಿದವರೆಲ್ಲ ಇದನ್ನು ಕಲಿತಿರುವುದಿಲ್ಲ. ನಿಮ್ಮ ಮನೋವೈದ್ಯರಿಂದಲೇ ಹೆಸರು ಪಡೆಯಿರಿ. ವಿಡಿಯೋ ಕರೆಯಲ್ಲಿ ಮಾಡಿದರೂ ಕೆಲಸ ಮಾಡುತ್ತದೆ, ಆದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವ ಒಂದು ಕೋಣೆ ಬೇಕು. ಕೂಡು ಕುಟುಂಬದಲ್ಲಿ ಅದೇ ದೊಡ್ಡ ಕೊರತೆ. ಶಾಲೆ ಬಿಟ್ಟ ಮೇಲೆ ಖಾಲಿ ಸ್ಟಾಫ್ ರೂಮಿನಲ್ಲಿ ಕೂತು ಮಾತಾಡಿದವರೂ ಇದ್ದಾರೆ.

ಧ್ಯಾನವನ್ನು ಪೂರ್ತಿ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳನ್ನೂ ಹೇಳಿಬಿಡುತ್ತೇನೆ. ನಾನು ನಾನಲ್ಲ, ಸುತ್ತ ಇರುವುದು ನಿಜವಲ್ಲ ಅನ್ನುವ ಭಾವ ಎದ್ದ ಮೇಲೂ ಹೋಗದಿದ್ದರೆ. ಎರಡು ಮೂರು ದಿನ ನಿದ್ದೆಯೇ ಇಲ್ಲದೆ ಅತಿಯಾದ ಹುರುಪು ಬಂದರೆ. ಇಲ್ಲದ ದನಿ ಕೇಳಿಸಿದರೆ. ಹಳೆಯ ಯಾವುದಾದರೂ ಕೆಟ್ಟ ಘಟನೆ ಕಣ್ಣೆದುರು ನಡೆದಂತೆ ಮರುಕಳಿಸಿದರೆ. ಬದುಕು ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಉಳಿದದ್ದು ಚಂದಾ. ಈಗ ಕಟ್ಟಬೇಡಿ. ದುಡ್ಡು ಕಟ್ಟಿದ್ದೇನೆ ಅಂತ ಬಲವಂತವಾಗಿ ಕೂರುವುದು ಶುರುವಾಗುತ್ತದೆ. ಎಷ್ಟು ದಿನ ಸತತವಾಗಿ ಕೂತಿರಿ ಅಂತ ಅದು ತೋರಿಸುವ ಲೆಕ್ಕ ಬೇರೆ, ತಪ್ಪಿದ ದಿನ ಅಪರಾಧಿ ಮಾಡುತ್ತದೆ. 5 ನಿಮಿಷಕ್ಕೆ ಮೊಬೈಲ್‌ನ ಅಲಾರಂ ಸಾಕು. 8 ವಾರ ಪಾದ, ಸದ್ದಿನ ಮೇಲೆ ಮಾಡಿ ನೋಡಿ. ಆಮೇಲೂ ಯಾರಾದರೂ ದನಿಯಲ್ಲಿ ಹೇಳಿಕೊಟ್ಟರೆ ಚೆನ್ನ ಅನ್ನಿಸಿದರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ. ಹಾಂ, ಉಚಿತ ಅವಧಿ ಮುಗಿಯುವ ಮುಂಚೆ ಫೋನ್‌ನಲ್ಲಿ ಆಟೋಪೇ ರದ್ದು ಮಾಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ವರ್ಷದ ಹಣ ತಾನಾಗಿ ಕಡಿತವಾಗಬಹುದು.